ಗುಂಡಿ ಒತ್ತಿದ ಮೇಲೆ ಟೇಪಿನ ಒಳಗೆ ನಡೆಯುವುದೇನು?

ಅಮೆರಿಕದ ಅಲೆಸಿಸ್ ಕಂಪನಿ 1992ರಲ್ಲಿ ಮಾರುಕಟ್ಟೆಗೆ ಬಿಟ್ಟ ‘ಎಡಾಟ್’ ರೆಕಾರ್ಡರ್ ನೋಡಲು ಥೇಟ್ ವಿಸಿಆರ್. ಅದಕ್ಕೆ ಹಾಕುವುದೂ ಎಸ್-ವಿಎಚ್ಎಸ್ ವಿಡಿಯೊ ಕ್ಯಾಸೆಟ್ಟನ್ನೇ. ಆದರೆ ಟೇಪಿನ ಮೇಲೆ ಚಿತ್ರ ಮೂಡುವುದಿಲ್ಲ, ಎಂಟು ಪ್ರತ್ಯೇಕ ಟ್ರ್ಯಾಕ್‌ಗಳಲ್ಲಿ ಡಿಜಿಟಲ್ ಧ್ವನಿ ದಾಖಲಾಗುತ್ತದೆ. ಅಲ್ಲಿಯತನಕ ಡಿಜಿಟಲ್ ಮಲ್ಟಿಟ್ರ್ಯಾಕ್ ದೊಡ್ಡ ಸ್ಟುಡಿಯೊಗಳಿಗಷ್ಟೇ ಎಟುಕುವ ಸರಕಾಗಿತ್ತು. ಸುಮಾರು ನಾಲ್ಕು ಸಾವಿರ ಡಾಲರಿಗೆ ಸಿಕ್ಕ ಈ ಪೆಟ್ಟಿಗೆಗೆ ಮನೆಯಲ್ಲೇ ಹಾಡು ಕಟ್ಟುವವರು ಮುಗಿಬಿದ್ದರು. ಅಲಾನಿಸ್ ಮೊರಿಸೆಟ್ 1995ರಲ್ಲಿ ತಂದ ‘ಜ್ಯಾಗ್ಡ್ ಲಿಟಲ್ ಪಿಲ್’ ಆಲ್ಬಮ್ಮಿಗೂ ಎಡಾಟ್ ಬಳಕೆಯಾಗಿತ್ತು.

ರಿವೈಂಡ್, ಫಾಸ್ಟ್ ಫಾರ್ವರ್ಡ್, ಸ್ಟಾಪ್, ಪ್ಲೇ, ರೆಕಾರ್ಡ್. ಮುಂಭಾಗದಲ್ಲಿರುವ ಈ ಐದು ಗುಂಡಿಗಳು ಟೇಪ್‌ರೆಕಾರ್ಡರ್ ಕಂಡ ಯಾರಿಗೂ ಹೊಸತಲ್ಲ. ಒಳಗಿನ ಕೆಲಸ ಮಾತ್ರ ಬೇರೆ.

ಪ್ಲೇ ಒತ್ತಿದರೆ ಯಂತ್ರ ಟೇಪನ್ನು ಕ್ಯಾಸೆಟ್ಟಿನಿಂದ ಹೊರಗೆಳೆದು, ಗಿರಗಿರ ತಿರುಗುವ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಧ್ವನಿಯನ್ನು ಬರೆಯುವ, ಓದುವ ಹೆಡ್ಡುಗಳಿರುವುದು ಈ ಡ್ರಮ್ಮಿನಲ್ಲಿ. ಸ್ಟಾಪನ್ನು ಒಮ್ಮೆ ಒತ್ತಿದರೆ ಟೇಪು ನಿಲ್ಲುತ್ತದೆ, ಡ್ರಮ್ಮನ್ನು ಬಿಡುವುದಿಲ್ಲ. ಅದರಿಂದಲೇ ಮತ್ತೆ ಪ್ಲೇ ಒತ್ತಿದಾಗ ತಡವಾಗದೆ ಶುರುವಾಗುತ್ತದೆ. ಇನ್ನೊಮ್ಮೆ ಸ್ಟಾಪ್ ಒತ್ತಿದರೆ ಟೇಪು ಡ್ರಮ್ಮಿನಿಂದ ಬಿಡಿಸಿಕೊಳ್ಳುತ್ತದೆ. ನಾಲ್ಕು ಸಾಲು ಹಿಂದಕ್ಕೆ ಹೋಗಲು ಮೊದಲ ಸ್ಥಿತಿಯೇ ಸಾಕು. ಟೇಪಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕಿದ್ದರೆ ಎರಡು ಸಲ ಸ್ಟಾಪ್ ಒತ್ತಿ ಸುತ್ತುವುದು ಜಾಣತನ: ವೇಗವೂ ಹೆಚ್ಚು, ಹೆಡ್ಡಿನ ಸವೆತವೂ ಕಡಿಮೆ. ಕ್ಯಾಸೆಟ್ಟನ್ನು ಹೊರತೆಗೆಯದೆ ಪವರ್ ಆರಿಸಬಾರದು ಎಂಬ ಕಟ್ಟಪ್ಪಣೆಯ ಹಿಂದೆಯೂ ಟೇಪಿನ ಕ್ಷೇಮವೇ ಇದೆ.

ಹೊಸ ಟೇಪಿನ ಮೇಲೆ ನೇರವಾಗಿ ಹಾಡು ಬರೆಯಲಾಗದು, ಮೊದಲು ಫಾರ್ಮ್ಯಾಟ್ ಮಾಡಬೇಕು. ಆಗ ಟೇಪಿನ ಉದ್ದಕ್ಕೂ ಸಮಯದ ಗುರುತು ಬೀಳುತ್ತದೆ. ಹಳೆಯ ಕ್ಯಾಸೆಟ್ ಡೆಕ್ಕಿನ ಕೌಂಟರ್ ಎಲ್ಲಿ ಸೊನ್ನೆ ಮಾಡಿದರೆ ಅಲ್ಲಿಂದ ಎಣಿಸುತ್ತಿತ್ತು. ಎಡಾಟ್ ತೋರಿಸುವ ನಿಮಿಷ-ಸೆಕೆಂಡು ಟೇಪಿನ ಮೇಲೇ ಬರೆದಿರುವಂಥದ್ದು, ಹೀಗಾಗಿ ಇಂದು 12 ನಿಮಿಷದಲ್ಲಿದ್ದ ಪಲ್ಲವಿ ನಾಳೆಯೂ ಅಲ್ಲೇ ಸಿಗುತ್ತದೆ. ಎರಡು ಗಂಟೆಯ ವಿಡಿಯೊ ಕ್ಯಾಸೆಟ್ ಇಲ್ಲಿ ಮೂರು ಪಟ್ಟು ವೇಗದಲ್ಲಿ ಓಡಿ 40 ನಿಮಿಷಕ್ಕೇ ಮುಗಿಯುತ್ತದೆ. ಅಷ್ಟು ಹೊತ್ತೂ ಕಾದು, ಇಡೀ ಟೇಪನ್ನು ಒಂದೇ ಉಸಿರಿಗೆ ಫಾರ್ಮ್ಯಾಟ್ ಮಾಡಿಟ್ಟುಕೊಳ್ಳುತ್ತಿದ್ದವರೇ ಹೆಚ್ಚು.

ಈ ಗುರುತುಗಳ ಉಪಯೋಗ ಗೊತ್ತಾಗುವುದು ತಪ್ಪು ತಿದ್ದುವಾಗ. ಗಾಯಕಿ ಚರಣದ ಮೂರನೇ ಸಾಲಿನಲ್ಲಿ ಶ್ರುತಿ ತಪ್ಪಿದ್ದಾರೆ ಎನ್ನೋಣ. ಎಂಜಿನಿಯರ್ ಆ ಸಾಲಿಗಿಂತ ತುಸು ಮುಂಚಿನ ಜಾಗವನ್ನು ‘ಲೊಕೇಟ್ 1’ ಎಂದೂ ಸಾಲು ಮುಗಿದ ನಂತರದ ಜಾಗವನ್ನು ‘ಲೊಕೇಟ್ 2’ ಎಂದೂ ನೆನಪಿಗೆ ಹಾಕುತ್ತಾನೆ. ಆಟೊ ರಿಟರ್ನ್, ಆಟೊ ಪ್ಲೇ ಎರಡನ್ನೂ ಹಚ್ಚಿಟ್ಟರೆ ಟೇಪು ಎರಡನೇ ಗುರುತು ಮುಟ್ಟಿ, ತಾನೇ ಹಿಂದೆ ಸರಿದು, ಮತ್ತೆ ಹಾಡತೊಡಗುತ್ತದೆ. ‘ರಿಹರ್ಸ್’ ಗುಂಡಿ ಒತ್ತಿದ್ದರೆ ರೆಕಾರ್ಡಿಂಗಿನ ತಾಲೀಮು ನಡೆಯುತ್ತದೆ, ಟೇಪಿನ ಮೇಲೆ ಏನೂ ದಾಖಲಾಗುವುದಿಲ್ಲ. ಗಾಯಕಿ ಪಳಗಿದ ಮೇಲೆ ನಿಜವಾದ ಸರದಿ. ಆ ಒಂದು ಟ್ರ್ಯಾಕಿನ ಕೆಂಪು ದೀಪ ಮಿನುಗುತ್ತಿರುತ್ತದೆ. ಸಾಲು ಬಂದ ಕ್ಷಣಕ್ಕೆ ರೆಕಾರ್ಡ್ ಒತ್ತಿದರೆ ದೀಪ ಸ್ಥಿರವಾಗುತ್ತದೆ. ಹಳೆಯ ದನಿ ಇಳಿದು ಹೊಸದು ಏರುವ ಬೆಸುಗೆಗೆ ಸುಮಾರು 10 ಮಿಲಿಸೆಕೆಂಡು ಸಾಕು, ಕಿವಿಗೆ ‘ಟಕ್’ ಎಂಬ ಸದ್ದೂ ಕೇಳದು. ಆದರೆ ಆ ಜಾಗದಲ್ಲಿದ್ದ ಹಳೆಯ ಹಾಡು ಶಾಶ್ವತವಾಗಿ ಅಳಿಯಿತು. ರದ್ದು ಮಾಡುವ ಗುಂಡಿ ಇಲ್ಲಿಲ್ಲ.

ಎಂಟು ಟ್ರ್ಯಾಕ್ ಸಾಲದವರು ಯಂತ್ರಗಳನ್ನು ಒಂದಕ್ಕೊಂದು ಕೇಬಲ್ಲಿನಿಂದ ಜೋಡಿಸುತ್ತಿದ್ದರು. ಹೀಗೆ ಹದಿನಾರನ್ನು ಸೇರಿಸಿದರೆ 128 ಟ್ರ್ಯಾಕ್. ಮೊದಲನೆಯದರ ಪ್ಲೇ ಒತ್ತಿದರೆ ಉಳಿದವು ತಮ್ಮ ಟೇಪುಗಳನ್ನು ಹಿಂದೆ-ಮುಂದೆ ಸರಿಸಿ ಅದರ ಜತೆಗೂಡುತ್ತವೆ. ಅದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ, ಅಷ್ಟು ಹೊತ್ತು ಅವುಗಳ ಪ್ಲೇ ದೀಪ ಮಿನುಗುತ್ತಿರುತ್ತದೆ. ಆತುರದಲ್ಲಿ ಹಾಡಲು ಸನ್ನೆ ಮಾಡಿದ ಎಂಜಿನಿಯರಿಗೆ ಅರ್ಧ ವಾದ್ಯಗೋಷ್ಠಿಯಷ್ಟೇ ಕೇಳಿಸುತ್ತದೆ.

ಇಂದು ಈ ಯಂತ್ರಗಳನ್ನು ಹುಡುಕುವವರು ಬಹುಪಾಲು ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಬೇಕಾದವರು. ಆಪ್ಟಿಕಲ್ ಕೇಬಲ್ ಒಂದೇ ಇದ್ದರೆ ಎಂಟೂ ಟ್ರ್ಯಾಕ್ ಡಿಜಿಟಲ್ ರೂಪದಲ್ಲೇ ಒಟ್ಟಿಗೆ ದಾಟುತ್ತವೆ. ಇಷ್ಟವಾದ ಹಾಡಿಗಾಗಿ ಪದೇ ಪದೇ ಹಿಂದೆ-ಮುಂದೆ ಸುತ್ತಿದಷ್ಟೂ ಮುದಿ ಟೇಪಿಗೆ ಪೆಟ್ಟು. ಆದ್ದರಿಂದ ಮೊದಲ ಓಟದಲ್ಲೇ ಆರಂಭದಿಂದ ಕೊನೆಯವರೆಗೆ ಪ್ಲೇ ಮಾಡಿ ಪೂರ್ತಿ ಇಳಿಸಿಕೊಂಡು, ಹಾಡುಗಳನ್ನು ಆಮೇಲೆ ಕಂಪ್ಯೂಟರಿನಲ್ಲೇ ಬೇರ್ಪಡಿಸಿಕೊಳ್ಳುವುದು ಕ್ಷೇಮ.