ಎಣ್ಣೆ ಕುಡಿದ ಮರದ ಬೇರಿಂಗು

ಕಂಬೈನ್ ಹಾರ್ವೆಸ್ಟರಿನೊಳಗೆ ಹೋದ ಪೈರು ಮೊದಲು ಒಕ್ಕುವ ಡ್ರಮ್ಮಿಗೆ ಸಿಗುತ್ತದೆ. ಕಾಳಿನ ಬಹುಪಾಲು ಅಲ್ಲೇ ಉದುರುತ್ತದೆ. ಶೇ 10ರಿಂದ 20ರಷ್ಟು ಕಾಳು ಮಾತ್ರ ಹುಲ್ಲಿನಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಸಾಗುತ್ತದೆ. ಆ ಹುಲ್ಲನ್ನು ಕೊಡವಿ ಕಾಳು ಬಿಡಿಸುವ ಉದ್ದನೆಯ ತೊಟ್ಟಿಗಳೇ ಸ್ಟ್ರಾ ವಾಕರುಗಳು. ಒಂದು ಯಂತ್ರದಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಇರುತ್ತವೆ. ಪ್ರತಿಯೊಂದೂ ಹಿಂದೆ ಮುಂದೆ ಎರಡು ಕ್ರ್ಯಾಂಕ್ ಶಾಫ್ಟುಗಳ ಮೇಲೆ ಕೂತಿರುತ್ತದೆ. ಹಳೆಯ ಯಂತ್ರಗಳಲ್ಲಿ ವಾಕರನ್ನೂ ಶಾಫ್ಟನ್ನೂ ಕೂಡಿಸುವುದು ಉಕ್ಕಿನ ಬೇರಿಂಗಲ್ಲ, ಎರಡು ಹೋಳಾಗಿ ಸೀಳಿ ಬೋಲ್ಟಿನಿಂದ ಬಿಗಿದ ಮರದ ದಿಮ್ಮಿ.

ಮರವನ್ನು ಆರಿಸಿದ್ದಕ್ಕೆ ಗಟ್ಟಿ ಕಾರಣಗಳಿವೆ. ಶಾಫ್ಟಿನ ವೇಗ ನಿಮಿಷಕ್ಕೆ ಸುಮಾರು 200 ಸುತ್ತು, ಹೊರೆಯೂ ಹಗುರ. ವಾಕರುಗಳ ಓರೆಕೋರೆಯನ್ನೂ ಕುಲುಕಾಟವನ್ನೂ ಮರ ಸಹಿಸಿಕೊಳ್ಳುತ್ತದೆ. ಎರಡು ಹೋಳಾಗಿರುವುದರಿಂದ ಶಾಫ್ಟನ್ನು ಕಳಚದೆಯೇ ಬದಲಾಯಿಸಬಹುದು. ಅಮೆರಿಕದಲ್ಲಿ ಇದಕ್ಕೆ ಹೆಚ್ಚಾಗಿ ಹಾರ್ಡ್ ಮೇಪಲ್ ಬಳಸುತ್ತಾರೆ: ಗಟ್ಟಿ ಮರ, ಸಣ್ಣ ರಂಧ್ರಗಳು ಎಲ್ಲೆಡೆ ಸಮನಾಗಿ ಹರಡಿರುವುದರಿಂದ ಸವೆತವೂ ಸಮ.

ಆ ರಂಧ್ರಗಳಲ್ಲೇ ಇದರ ಗುಟ್ಟಿದೆ. ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಬಳಿಯುವಂತೆ ಇದಕ್ಕೆ ಮೇಲಿಂದ ಗ್ರೀಸ್ ಮೆತ್ತಿದರೆ ಹೊಲದ ದೂಳೂ ಹೊಟ್ಟೂ ಅದಕ್ಕೆ ಅಂಟಿ, ಶಾಫ್ಟನ್ನೇ ಉಜ್ಜಿ ತಿನ್ನುವ ಹಿಟ್ಟಾಗುತ್ತದೆ. ಎಣ್ಣೆ ಮರದ ಒಳಗಿರಬೇಕು. ಶಾಫ್ಟು ತಿರುಗಿ ಬಿಸಿಯೇರಿದಾಗ ಅದು ಹಿಗ್ಗಿ ತೆಳುವಾಗಿ ಮೇಲಕ್ಕೆ ಜಿನುಗುತ್ತದೆ; ಯಂತ್ರ ನಿಂತು ತಣ್ಣಗಾದಾಗ ಅದರಲ್ಲಿ ಒಂದಿಷ್ಟನ್ನು ಮರ ಮತ್ತೆ ಹೀರಿಕೊಳ್ಳುತ್ತದೆ.

ಹೀಗಾಗಿ ಎಣ್ಣೆ ಊಡಿಸುವ ಕೆಲಸ ದಿಮ್ಮಿಯನ್ನು ಯಂತ್ರಕ್ಕೆ ಕೂರಿಸುವ ಮೊದಲೇ ಮುಗಿಯಬೇಕು. ಚೆನ್ನಾಗಿ ಒಣಗಿದ ದಿಮ್ಮಿಗಳನ್ನು ಎಂಜಿನ್ ಆಯಿಲಿನಂಥ ಖನಿಜ ತೈಲದಲ್ಲಿ ಮುಳುಗಿಸಿ, ನೀರು ಕುದಿಯುವ ಬಿಸಿಗಿಂತ ತುಸು ಹೆಚ್ಚಿಗೆ ಕಾಯಿಸುತ್ತಾರೆ. ಮರದ ತೇವ ಆವಿಯಾಗಿ, ಕತ್ತರಿಸಿದ ತುದಿಗಳಿಂದ ಸಣ್ಣ ಗುಳ್ಳೆಗಳ ಸಾಲು ಮೇಲೇಳುತ್ತದೆ. ಗುಳ್ಳೆ ನಿಂತ ಮೇಲೆ ಉರಿ ಆರಿಸಬೇಕು, ಆದರೆ ದಿಮ್ಮಿಯನ್ನು ಹೊರತೆಗೆಯಬಾರದು. ಆರುತ್ತ ಹೋದಂತೆ ಒಳಗಿನ ಆವಿ ಕುಗ್ಗಿ, ಆ ಜಾಗಕ್ಕೆ ಎಣ್ಣೆ ನುಗ್ಗುತ್ತದೆ. ಅವಸರದಲ್ಲಿ ಬಿಸಿಯಿರುವಾಗಲೇ ತೆಗೆದರೆ ಮಾಡಿದ್ದೆಲ್ಲ ವ್ಯರ್ಥ. ಅಗಸೆ ಎಣ್ಣೆ ಗಾಳಿಗೆ ಅಂಟಾಗಿ ಗಟ್ಟಿಯಾಗುವುದರಿಂದ ಈ ಕೆಲಸಕ್ಕೆ ಒಗ್ಗದು. ಬೆಂಕಿಯ ಅಪಾಯವಿರುವುದರಿಂದ ಇದನ್ನು ಹುಲ್ಲಿನಿಂದ ದೂರ, ಬಯಲಿನಲ್ಲಿ ಮಾಡುವುದು ಕ್ಷೇಮ.

ಕೂರಿಸುವ ಮುನ್ನ ಶಾಫ್ಟಿಗೆ ಸುತ್ತಿಕೊಂಡ ಹುಲ್ಲನ್ನು ಬಿಡಿಸಿ, ತುಕ್ಕನ್ನು ಉಜ್ಜಿ ನುಣುಪು ಮಾಡಬೇಕು. ಎರಡು ಹೋಳುಗಳನ್ನೂ ಜೊತೆಯಾಗಿಯೇ ಬದಲಾಯಿಸಬೇಕು. ಬಿಗಿದ ಮೇಲೆ ಬೆಲ್ಟ್ ಕಳಚಿ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿದರೆ ಬಿಗಿ ಹೆಚ್ಚಾಗಿದೆಯೇ ಎಂಬುದು ತಿಳಿಯುತ್ತದೆ. ಅತಿ ಬಿಗಿಯಾದರೆ ಮರ ಸುಟ್ಟು ಕರಕಲಾಗುತ್ತದೆ. ದೂಳು, ಒಣಹುಲ್ಲು ತುಂಬಿದ ಯಂತ್ರಕ್ಕೆ ಅದು ನಿಜವಾದ ಅಪಾಯ. ಸಡಿಲವಾದರೆ ವಾಕರು ಕಟಕಟ ಬಡಿಯತೊಡಗುತ್ತದೆ. ಮಳೆಯಲ್ಲಿ ನೆನೆದ ಮರ ಊದಿ ಶಾಫ್ಟನ್ನು ಹಿಡಿದುಕೊಳ್ಳುವುದರಿಂದ ಸುಗ್ಗಿ ಮುಗಿದ ಮೇಲೆ ಯಂತ್ರಕ್ಕೆ ಸೂರು ಬೇಕೇ ಬೇಕು.

1970ರ ದಶಕದ ನಡುವಿನಿಂದ ಅಮೆರಿಕದಲ್ಲಿ ರೋಟರಿ ಕಂಬೈನುಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ವಾಕರುಗಳೇ ಇಲ್ಲ. ವಾಕರಿರುವ ಯಂತ್ರಗಳಲ್ಲೂ ಹಲವಕ್ಕೆ ಈಗ ಮುಚ್ಚಿದ ಬಾಲ್ ಬೇರಿಂಗುಗಳಿವೆ. ಹಾಗೆಂದು ಮರದ ದಿಮ್ಮಿ ಮರೆಯಾಗಿಲ್ಲ, ಬಿಡಿಭಾಗವಾಗಿ ಇಂದಿಗೂ ಮಾರಾಟವಾಗುತ್ತಿದೆ. ಹಳೆಯ ಕಂಬೈನ್ ಕೊಳ್ಳುವ ರೈತರು ಎಂಜಿನ್ನು, ಟೈರು ನೋಡಿದ ಮೇಲೆ ಹಿಂಬದಿಯ ಮುಚ್ಚಳ ತೆಗೆಸಿ ಈ ದಿಮ್ಮಿಗಳನ್ನೂ ಒಮ್ಮೆ ಅಲುಗಾಡಿಸಿ ನೋಡಲಿ.