ಹೊಸ ತೊಟ್ಟಿಯ ಮೀನು ಸಾಯುವುದೇಕೆ?

ಹೊಸ ಗಾಜಿನ ತೊಟ್ಟಿಗೆ ತಿಳಿನೀರು ತುಂಬಿ ಅಂದೇ ಮೀನು ಬಿಟ್ಟರೆ, ಒಂದೆರಡು ವಾರಗಳಲ್ಲಿ ಅವು ಒಂದೊಂದಾಗಿ ಸತ್ತು ತೇಲುವುದುಂಟು. ರೋಗವೆಂದು ಬಗೆದು ನಾವು ಮದ್ದು ಹಾಕುತ್ತೇವೆ. ನಿಜವಾದ ಕಾರಣ ಬೇರೆಯೇ ಇದೆ.

ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಕಣ್ಣಿಗೆ ಕಾಣದ ವಿಷ. ಹೊಲದ ಮಣ್ಣಿನಲ್ಲಿ ಗೊಬ್ಬರವನ್ನು ಬೆಳೆಗೆ ಒದಗಿಸುವಂತಹ ಸೂಕ್ಷ್ಮಾಣುಗಳೇ ತೊಟ್ಟಿಯ ಮರಳಿನಲ್ಲಿಯೂ ಫಿಲ್ಟರಿನಲ್ಲಿಯೂ ನೆಲೆಸಿ, ಅದನ್ನು ಮೊದಲು ನೈಟ್ರೈಟ್, ಅನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ, ಮೀನಿನ ರಕ್ತವು ಪ್ರಾಣವಾಯುವನ್ನು ಹೊರದಂತೆ ಮಾಡುತ್ತದೆ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ. ಈ ಸೂಕ್ಷ್ಮಾಣುಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಮೀನು ಆಗಲೇ ತೊಟ್ಟಿಯಲ್ಲಿದ್ದರೆ ಹೆದರಬೇಕಾಗಿಲ್ಲ. ದಿನಕ್ಕೊಮ್ಮೆ, 2 ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿರಿ. ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿರಿ. ಮೀನು ಮೇಲೆ ಬಂದು ಏದುಸಿರು ಬಿಟ್ಟರೆ ಅಂದೇ ಅರ್ಧ ನೀರು ಬದಲಿಸಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ, ಅಗಲ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಬಳಸಿರಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಿರಿ. ಕ್ಲೋರಿನ್ ನೀರು ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ನೆರೆಯವರ ಹಳೆಯ, ರೋಗವಿಲ್ಲದ ತೊಟ್ಟಿಯಿಂದ ಹಿಡಿ ಮರಳು ತಂದು ಹಾಕಿದರೆ ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗನಾಗುತ್ತದೆ.

ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ಹಾಗೆಯೇ ನಿಲ್ಲುವ ತನಕ ಹೊಸ ಮೀನು ತರಬೇಡಿರಿ. ತೆಗೆದ ನೀರನ್ನು ಚೆಲ್ಲದೆ ಬಸಳೆಯ ಬುಡಕ್ಕೆ ಹೊಯ್ಯಿರಿ. ಮೀನಿಗೆ ಬೇಡವಾದದ್ದು ಬಳ್ಳಿಗೆ ಗೊಬ್ಬರ.