ವಾರಕ್ಕೆ ಹನ್ನೆರಡೇ ಫೋಟೊ

ಮಕ್ಕಳೇ, ನಿಮ್ಮ ಮನೆಯ ಮೊಬೈಲಿನಲ್ಲಿ ಎಷ್ಟು ಫೋಟೊಗಳಿವೆ ಎಂದು ಒಮ್ಮೆ ನೋಡಿ. ನನ್ನ ಮಗನ ಮೊಬೈಲಿನಲ್ಲಿ ಹನ್ನೊಂದು ಸಾವಿರ ದಾಟಿವೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎಣಿಸುವ ಚಟ ಬಿಡುವುದಿಲ್ಲ. "ಇದರಲ್ಲಿ ಎರಡನೇ ಸಲ ತೆಗೆದು ನೋಡಿದ್ದು ಎಷ್ಟಪ್ಪಾ?" ಎಂದು ಕೇಳಿದೆ. ನಕ್ಕು ಸುಮ್ಮನಾದ.

ನನ್ನ ಹತ್ತಿರ ಇದ್ದದ್ದು ಆಗ್ಫಾ ಕ್ಲಿಕ್-3. ನನ್ನ ವಯಸ್ಸಿನವರು ಈ ಹೆಸರು ಕೇಳಿದರೆ ಸಾಕು, ಮುಖ ಅರಳುತ್ತದೆ. ಕಪ್ಪು ಡಬ್ಬಿಯಂಥ ಕ್ಯಾಮೆರಾ. ಒಂದು ರೋಲ್ ಹಾಕಿದರೆ ಹನ್ನೆರಡು ಚೌಕ ಚಿತ್ರ, ಮುಗಿಯಿತು. ರೋಲಿಗೆ ದುಡ್ಡು, ತೊಳೆಸುವುದಕ್ಕೆ ದುಡ್ಡು, ಪ್ರಿಂಟಿಗೆ ದುಡ್ಡು. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ, ಹಿಂದೆ ಬಟ್ಟೆ ಒಣಹಾಕಿದ ಹಗ್ಗ ಕಾಣುತ್ತಿದೆಯೇ, ಎಲ್ಲ ನೋಡಿಕೊಂಡೇ ಗುಂಡಿ ಒತ್ತಬೇಕು. ಷಟರ್ ನಿಧಾನ. ಕೈ ಚೂರು ಅಲುಗಿದರೂ ಮುಖ ಕಲಸಿಹೋಗುತ್ತಿತ್ತು. ಅದಕ್ಕೇ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಅರ್ಧ ಬಿಟ್ಟು, ಅಲ್ಲೇ ಒಂದು ಕ್ಷಣ ತಡೆದು ಒತ್ತುತ್ತಿದ್ದೆವು. ಆಗ ಅದನ್ನು ಯಾರೂ ಧ್ಯಾನ ಎನ್ನುತ್ತಿರಲಿಲ್ಲ. ಫಿಲ್ಮು ಹಾಳಾಗದಿರಲಿ ಎಂಬ ಎಚ್ಚರಿಕೆ, ಅಷ್ಟೆ.

ಆ ಹನ್ನೆರಡರ ಲೆಕ್ಕ ಮತ್ತೆ ನೆನಪಾದದ್ದು ಮೂರು ವರ್ಷದ ಹಿಂದೆ. ಕನ್ನಡಕ ಬದಲಿಸಲು ಹೋದಾಗ ಡಾಕ್ಟರು ನನಗೆ ಗ್ಲಾಕೋಮಾ ಇದೆ ಎಂದರು. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸವೆಯುತ್ತಾ ಬರುವ ಕಾಯಿಲೆ ಇದು. ಸಾಮಾನ್ಯವಾಗಿ ನೋವಿರುವುದಿಲ್ಲ, ಕೆಂಪಾಗುವುದೂ ಇಲ್ಲ. ಮೊದಲು ಅಂಚಿನ ನೋಟ ಮಸುಕಾಗುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಲು ಡ್ರಾಪ್ಸ್. (ಅಜ್ಜ ಅಜ್ಜಿಯರೇ, ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಲ್ಲವಾದರೆ ಮಾಡಿಸಿಬಿಡಿ.) ಇದರಲ್ಲಿ ಒಂದು ಪರೀಕ್ಷೆ ಮಜವಾಗಿದೆ. ಒಂದು ಬಟ್ಟಲಿನಂಥ ಯಂತ್ರದೊಳಗೆ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಕ್ಕಪಕ್ಕ ಎಲ್ಲಾದರೂ ಬೆಳಕು ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಮೊಮ್ಮಗಳಿಗೆ ಹೇಳಿದರೆ, "ಅಯ್ಯೋ ತಾತ, ಅದೂ ಫೋಟೊ ತೆಗೆದ ಹಾಗೇ ಅಲ್ವಾ!" ಅಂದಳು.

ಮಜ ಹಗಲಿನಲ್ಲಿ ಮಾತ್ರ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡು ಫ್ಯಾನಿನ ರೆಕ್ಕೆಯ ತುದಿ ಕಾಣುತ್ತದೆಯೇ, ಕಿಟಕಿಯ ಅಂಚು ಕಾಣುತ್ತದೆಯೇ ಎಂದು ನೋಡುವುದು. ಆಮೇಲೆ ಇನ್ನೊಂದು ಕಣ್ಣು. ಮತ್ತೆ ಮೊದಲನೆಯದು. ಬೆಳಗಾಗುವವರೆಗೆ ಇದೇ ತಪಾಸಣೆ. ನನ್ನಾಕೆಗೂ ನಿದ್ದೆಯಿಲ್ಲ.

ಮಗ ತನ್ನ ಹಳೆಯ ಮೊಬೈಲು ಕೊಟ್ಟ. ಮೊಮ್ಮಗಳು ಪಂದ್ಯ ಕಟ್ಟಿದಳು: "ನಿಮ್ಮ ಕಾಲದ ಹಾಗೆ ವಾರಕ್ಕೆ ಹನ್ನೆರಡೇ ತೆಗೀಬೇಕು ತಾತ. ಅಳಿಸೋ ಹಾಗಿಲ್ಲ!" ಒಪ್ಪಿದೆ. ಒಂದು ಲೆಡ್ಜರ್ ತಂದು ಅಂಕಣ ಎಳೆದೆ. ಕ್ರಮಸಂಖ್ಯೆ, ತಾರೀಖು, ವೇಳೆ, ಬೆಳಕು ಎಲ್ಲಿಂದ.

ನಮ್ಮದು ಮೈಸೂರು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು, ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತೇನೆ. ಮೊಬೈಲು ಜೇಬಿನಲ್ಲೇ ಇರುತ್ತದೆ. ಹತ್ತು ನಿಮಿಷ ಬರೀ ನೋಡುವುದು. ಎಷ್ಟೋ ವರ್ಷ ಅದೇ ಏರಿಯ ಮೇಲೆ ರಾಜಕೀಯ ಮಾತಾಡುತ್ತಾ ನಡೆದವನಿಗೆ ಆಗ ಕಂಡದ್ದು ಎಷ್ಟೆಂದರೆ! ಸೂರ್ಯ ಮರಗಳ ಮೇಲೆ ಬರುವ ಮೊದಲು ನೀರು ಸೀಸದ ಬಣ್ಣ. ಬಂದ ಮೇಲೆ ಒಂದು ಪಟ್ಟಿಯಷ್ಟೇ ಬಂಗಾರ, ಉಳಿದದ್ದು ಹಸಿರು. ನೀರುಕಾಗೆ ಮುಳುಗಿ ಎದ್ದು ಬಂದು ರೆಕ್ಕೆಗಳನ್ನು ಅಗಲಿಸಿ, ಕೊಡೆ ಒಣಹಾಕಿದಂತೆ ಕೂರುತ್ತದೆ. ಹೆಜ್ಜಾರ್ಲೆ ನೀರಿಗಿಳಿಯುವಾಗ ಕಾಲು ಮುಂದೆ ಚಾಚುತ್ತದೆ. ಅದನ್ನು ಹಿಡಿಯಲು ನನಗೆ ಐದು ವಾರ ಬೇಕಾಯಿತು. ಆ ಐದು ವಾರದಲ್ಲಿ ಒಂದು ದಿನ, ಮನೆಗೆ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು: ಮುಕ್ಕಾಲು ಗಂಟೆಯಿಂದ ನನ್ನ ಕಣ್ಣಿನ ಕಾಯಿಲೆಯ ನೆನಪೇ ಬಂದಿರಲಿಲ್ಲ.

ಕಣ್ಣಿನ ಒತ್ತಡ ಇಳಿಸುವುದು ಡ್ರಾಪ್ಸೇ ಹೊರತು ಫೋಟೊ ಅಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೆ ರಾತ್ರಿಯ ತಪಾಸಣೆ ಕಡಿಮೆಯಾಯಿತು. ಈಗಲೂ ಎಚ್ಚರವಾದರೆ ನಾಳೆ ಏಳನೇ ಫೋಟೊ ಯಾವುದು ಎಂದು ಯೋಚಿಸುತ್ತೇನೆ.

ಸುಮ್ಮನೆ ಕ್ಲಿಕ್ಕಿಸುತ್ತಾ ಹೋದರೆ ಈ ಗುಣ ಬರುವುದಿಲ್ಲ. ಅಮೆರಿಕದಲ್ಲಿ ಲಿಂಡಾ ಹೆಂಕೆಲ್ ಎಂಬ ಮನಃಶಾಸ್ತ್ರಜ್ಞೆ ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಪರೀಕ್ಷಿಸಿದರು. 2014ರಲ್ಲಿ ಅದು ಪ್ರಕಟವಾಯಿತು. ಇಡೀ ವಸ್ತುವಿನ ಫೋಟೊ ತೆಗೆದವರಿಗೆ, ಕಣ್ಣಲ್ಲಷ್ಟೇ ನೋಡಿದ್ದಕ್ಕಿಂತ ಕಡಿಮೆ ನೆನಪು ಉಳಿದಿತ್ತು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ರಜೆ ಹಾಕಿಬಿಡುತ್ತದೇನೋ! ಆದರೆ ವಸ್ತುವಿನ ಒಂದು ಭಾಗವನ್ನು ಮಾತ್ರ ಹತ್ತಿರಕ್ಕೆ ಎಳೆದು ತೆಗೆದಾಗ ನೆನಪು ಹಾಗೆ ಕುಂದಲಿಲ್ಲ.

ಇದನ್ನು ಓದಿದ ಮೇಲೆ ದಸರಾ ರಜೆಯಲ್ಲಿ ಮೊಮ್ಮಕ್ಕಳಿಬ್ಬರನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋದೆ. 1258ರಲ್ಲಿ ಹೊಯ್ಸಳ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ. ತಲೆಗೆ ಮೂರೇ ಫೋಟೊ, ಅದೂ ಚಿಕ್ಕದೊಂದು ಭಾಗದ್ದು ಎಂದೆ. ಮೊದಲು ಮುಖ ಊದಿಸಿಕೊಂಡರು. ಆಮೇಲೆ ಹುಡುಗ ಕುಕ್ಕರುಗಾಲಲ್ಲಿ ಕುಳಿತು ಗೋಡೆಯ ತಳದ ಆನೆಗಳ ಸಾಲನ್ನು ಒಂದೊಂದಾಗಿ ನೋಡುತ್ತಾ ಹೋದ. ಆನೆಗಳ ಮೇಲೆ ಕುದುರೆಗಳ ಸಾಲು, ಅದರ ಮೇಲೆ ಬಳ್ಳಿ, ಅದರ ಮೇಲೆ ಪುರಾಣದ ಕತೆಗಳು. ಅವನು ಆನೆ ಬಿಟ್ಟು ಮೇಲೇಳಲೇ ಇಲ್ಲ. ಕೆಲವು ವಿಗ್ರಹಗಳ ಕೆಳಗೆ ಕೆತ್ತಿದವರ ಹೆಸರೂ ಇದೆ, ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಹಲವೆಡೆ ಸಿಗುತ್ತದೆ ಎಂದಾಗ ಮೊಮ್ಮಗಳು ಅದನ್ನೇ ಹುಡುಕಲು ಹೊರಟಳು. ಒಂದು ಗಂಟೆ ಇಬ್ಬರದೂ ಸದ್ದಿಲ್ಲ. ಅವರಮ್ಮ ಗಾಬರಿಯಾಗಿ ಎರಡು ಸಲ ಬಂದು ನೋಡಿ ಹೋದಳು.

ಮೊಮ್ಮಗಳು ಎರಡೇ ತೆಗೆದು, ಒಂದನ್ನು ಉಳಿಸಿಕೊಂಡಳು. ಯಾತಕ್ಕೆ ಎಂದರೆ ಹೇಳಲಿಲ್ಲ. ಅಂದು ರಾತ್ರಿ ಒಂಬತ್ತಕ್ಕೆ ನಾನು ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚಾಚಿ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೆ. ಬಾಗಿಲ ಹತ್ತಿರ ಅವಳು ಸದ್ದಿಲ್ಲದೆ ನಿಂತಿದ್ದು ಗೊತ್ತಾಗಲಿಲ್ಲ. ಚಿತ್ರದಲ್ಲಿ ಹನಿ ಇನ್ನೂ ಬಾಟಲಿಯ ತುದಿಯಲ್ಲೇ ಇದೆ, ನನ್ನ ಬಾಯಿ ಆ ಎಂದು ತೆರೆದಿದೆ. ಡ್ರಾಪ್ಸ್ ಹಾಕಿಕೊಳ್ಳುವಾಗ ನಾನು ಬಾಯಿ ತೆರೆಯುತ್ತೇನೆಂದು ಇಷ್ಟು ದಿನ ಗೊತ್ತೇ ಇರಲಿಲ್ಲ. ಲೆಡ್ಜರಿನಲ್ಲಿ ಅದನ್ನು ಅವಳ ಹೆಸರಿಗೇ ಬರೆದಿದ್ದೇನೆ. ಬೆಳಕು: ಎಡಗಡೆಯ ಟ್ಯೂಬ್‌ಲೈಟು.